ಗಣಿತದ ಪದವಿ ಪಡೆದರೆ ಮುಂದೇನು? – ಕೋಟೆನಾಡಿನ ವರ್ತಕ ಕುಟುಂಬಗಳ ಮುಂದಿರುವ ಒಂದು ಪ್ರಶ್ನೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಚಿತ್ರದುರ್ಗದ ಸಂತೇಪೇಟೆಯ ಅಂಗಡಿಗಳಲ್ಲಾಗಲಿ, ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ಮಂಡಿಗಳಲ್ಲಾಗಲಿ, ಹಿರಿಯೂರಿನ ಹೆದ್ದಾರಿ ಬದಿಯ ಗೋದಾಮುಗಳಲ್ಲಾಗಲಿ ಧಾರಣೆಯ ಮಾತು ಕೊಂಚ ಹಿಂದೆ ಸರಿಯುತ್ತದೆ. ಮಕ್ಕಳ ಮುಂದಿನ ಓದಿನ ಮಾತು ಮುಂದೆ ಬರುತ್ತದೆ. ಮಗ ಎಂಜಿನಿಯರಿಂಗ್ ಸೇರುತ್ತಾನೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಮಗಳು ಬಿ.ಕಾಂ. ಓದುತ್ತಾಳೆಂದರೂ ಕೇಳುವುದಿಲ್ಲ, ಏಕೆಂದರೆ ಅಂಗಡಿಯ ಲೆಕ್ಕಕ್ಕಾದರೂ ಅದು ಉಪಯೋಗಕ್ಕೆ ಬರುತ್ತದೆಂಬ ಸಮಾಧಾನವಿರುತ್ತದೆ. ಆದರೆ ಗಣಿತದಲ್ಲಿ ನೂರಕ್ಕೆ ನೂರು ಅಂಕ ಪಡೆದ ಹುಡುಗನೋ ಹುಡುಗಿಯೋ ‘ನಾನು ಬಿ.ಎಸ್ಸಿ.ಯಲ್ಲಿ ಗಣಿತವನ್ನೇ ಓದುತ್ತೇನೆ’ ಎಂದ ಕೂಡಲೇ ಮನೆಯಲ್ಲಿ ಮೌನ ಆವರಿಸುತ್ತದೆ. ಆ ಮೌನದ ಹಿಂದಿರುವುದು ಒಂದೇ ಪ್ರಶ್ನೆ: ಓದಿದ ಮೇಲೆ ಕೆಲಸ ಎಲ್ಲಿ?

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಇದನ್ನು ಕೇಳುವವರು ವಿದ್ಯೆಯ ವಿರೋಧಿಗಳಲ್ಲ. ಒಂದೇ ಹಂಗಾಮಿನಲ್ಲಿ ರಾಶಿ ಅಡಿಕೆಯ ಧಾರಣೆ ಏರಿದ್ದನ್ನೂ ಇಳಿದದ್ದನ್ನೂ ಕಂಡವರು, ಸಾಲ ಕೊಟ್ಟು ಕಳೆದುಕೊಂಡವರು, ಹೂಡಿದ ಹಣ ಹಿಂದಿರುಗುವ ದಾರಿಯನ್ನು ಮೊದಲು ನೋಡಿ ಆಮೇಲೆ ಸರಕಿಗೆ ಕೈಹಾಕುವವರು. ಮಕ್ಕಳ ಶಿಕ್ಷಣವೂ ಅವರ ದೃಷ್ಟಿಯಲ್ಲಿ ಹೂಡಿಕೆಯೇ ಆಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾಗುವುದು ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದಾಗ.

ವ್ಯವಹಾರವೆಂಬ ಶಬ್ದ

ಗಣಿತಕ್ಕೂ ವ್ಯಾಪಾರಕ್ಕೂ ನಂಟು ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿ, ಅಸಲು, ಪಾಲುದಾರಿಕೆಯ ಲಾಭ ಹಂಚಿಕೆ ಮುಂತಾದವುಗಳ ಲೆಕ್ಕಗಳು ವಿಸ್ತಾರವಾಗಿ ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದನು. ಅವುಗಳಲ್ಲೊಂದರ ಹೆಸರೇ ‘ವ್ಯವಹಾರಗಣಿತ’. ಇಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕುಳಿತು ‘ವ್ಯವಹಾರ ಹೇಗಿದೆ?’ ಎಂದು ಕೇಳುವವರು ಆ ಹಳೆಯ ಗಣಿತಜ್ಞರ ಶಬ್ದವನ್ನೇ ಬಳಸುತ್ತಿದ್ದಾರೆ. ಇದರಿಂದ ಯಾರಿಗೂ ಉದ್ಯೋಗ ದೊರೆಯುವುದಿಲ್ಲವೆಂಬುದು ನಿಜ. ಆದರೂ ಗಣಿತವೆಂದರೆ ವ್ಯಾಪಾರಿಯ ಮನೆಗೆ ಹೊರಗಿನ ವಿದ್ಯೆ ಎಂಬ ಭಾವನೆ ಎಷ್ಟು ಇತ್ತೀಚಿನದೆಂಬುದು ಇದರಿಂದ ತಿಳಿಯುತ್ತದೆ.

ಗುಮಾಸ್ತರಾಗಿದ್ದ ಇಬ್ಬರು

ಶ್ರೀನಿವಾಸ ರಾಮಾನುಜನ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರು 1912ರ ಮಾರ್ಚ್ ತಿಂಗಳಿನಿಂದ ಮದರಾಸು ಬಂದರು ಮಂಡಳಿಯ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಆ ಕಚೇರಿಯಲ್ಲಿ ಅವರ ಮೇಲಧಿಕಾರಿಯಾಗಿದ್ದ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಲೆಕ್ಕಪತ್ರ ವಿಭಾಗದಲ್ಲಿ ಗಣಿತ ಓದಿದ ಅಧಿಕಾರಿಯೊಬ್ಬರು ಇಲ್ಲದೇ ಹೋಗಿದ್ದರೆ ಕೆಳಗಿನ ಗುಮಾಸ್ತನ ಕೈಬರಹದ ಸೂತ್ರಗಳ ಬೆಲೆಯನ್ನು ಅರಿಯುವವರು ಅಲ್ಲಿ ಯಾರಿರುತ್ತಿದ್ದರು? 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ಮಂಜೂರು ಮಾಡಿದ ಮೇಲೆ ರಾಮಾನುಜನ್ ಗುಮಾಸ್ತಗಿರಿಯಿಂದ ಬಿಡುಗಡೆ ಹೊಂದಿದರು.

ಕನ್ನಡನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. 1933ರಲ್ಲಿ ಮಂಡ್ಯದಲ್ಲಿ ಜನಿಸಿದ ಕೆ. ರಾಮಚಂದ್ರ ಅವರು ಹದಿಮೂರನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಸಂಸಾರದ ಅಗತ್ಯಕ್ಕಾಗಿ ಬೆಂಗಳೂರಿನ ಮಿನರ್ವ ಮಿಲ್ಲಿನಲ್ಲಿ ಗುಮಾಸ್ತರಾಗಿ ದುಡಿದರು. ಹತ್ತಿ ವ್ಯಾಪಾರದ ಹಿರಿಯರಿಗೆ ಆ ಮಿಲ್ಲಿನ ಹೆಸರು ನೆನಪಿರಬಹುದು. 1980ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ ಕಾನೂನು ಓದಿದವರಿಗಂತೂ ಮರೆಯುವಂತಿಲ್ಲ. ಗಿರಣಿಯ ಕೆಲಸಕ್ಕೂ ಸಂಖ್ಯಾಸಿದ್ಧಾಂತಕ್ಕೂ ಯಾವ ಸಂಬಂಧವೂ ಇರಲಿಲ್ಲ. ರಾಮಚಂದ್ರ ಅವರು ಬಿಡುವಿನ ವೇಳೆಯಲ್ಲಿ ಬೀಜಾತೀತ ಸಂಖ್ಯೆಗಳ ಸಿದ್ಧಾಂತವನ್ನು ತಾವೇ ಓದಿ ಅರಗಿಸಿಕೊಂಡರು. ಮುಂದೆ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇವಲ ಆರು ದಿನ ಪಾಠ ಹೇಳಿದ್ದೂ ಉಂಟು. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅಲ್ಲಿಂದ ಮುಂದಿನದು ಜಗತ್ತಿನ ಗಣಿತಜ್ಞರು ಬಲ್ಲ ಕಥೆ. ‘ಆರು ಘಾತೀಯಗಳ ಪ್ರಮೇಯ’ವೆಂದು ಕರೆಯಲಾಗುವ ಫಲಿತಾಂಶವನ್ನು ಸರ್ಜ್ ಲ್ಯಾಂಗ್ ಮತ್ತು ರಾಮಚಂದ್ರ 1960ರ ದಶಕದಲ್ಲಿ ಪರಸ್ಪರ ಸ್ವತಂತ್ರವಾಗಿ ಸಾಧಿಸಿದರು. ಆರ್. ಬಾಲಸುಬ್ರಮಣಿಯನ್, ಟಿ. ಎನ್. ಶೋರೆ ಅವರಂತಹ ಶಿಷ್ಯರನ್ನು ಅವರು ರೂಪಿಸಿದರು. 1978ರಲ್ಲಿ ಬಾಲಸುಬ್ರಮಣಿಯನ್ ಅವರೊಡಗೂಡಿ ‘ಹಾರ್ಡಿ-ರಾಮಾನುಜನ್ ಜರ್ನಲ್’ ಆರಂಭಿಸಿದರು. 1995ರಲ್ಲಿ ನಿವೃತ್ತರಾಗಿ ಬೆಂಗಳೂರಿಗೆ ಮರಳಿದ ಅವರು 2011ರ ಜನವರಿಯಲ್ಲಿ ನಿಧನರಾದರು.

ಈ ಇಬ್ಬರ ಕಥೆಯನ್ನು ಕೇಳಿ ‘ಗಣಿತ ಓದಿದರೆ ಎಲ್ಲವೂ ಸರಿಹೋಗುತ್ತದೆ’ ಎಂದು ಹೇಳಹೊರಟರೆ ಅದು ಲಾಟರಿ ಗೆದ್ದವನನ್ನು ತೋರಿಸಿ ಟಿಕೆಟ್ ಮಾರಿದಂತಾದೀತು. ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಇಬ್ಬರಿಗೂ ಮೊದಲು ಒಂದು ಸಂಬಳವಿತ್ತು. ಗುಮಾಸ್ತಗಿರಿ ಅವರ ಗಣಿತವನ್ನು ಕೊಲ್ಲಲಿಲ್ಲ. ಮನೆಯ ಖರ್ಚನ್ನು ಹೊತ್ತು ಅದಕ್ಕೆ ಕಾಲಾವಕಾಶ ಕೊಟ್ಟಿತು. ಅನ್ನದ ದಾರಿ ಮತ್ತು ಗಣಿತದ ದಾರಿ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಭಯದಿಂದ ನರಳುವ ಮನೆಗಳಿಗೆ ಈ ಅಂಶ ಉಪಯುಕ್ತ.

ಖರ್ಚಿನ ಬದಿ

ಲೆಕ್ಕಪತ್ರದಲ್ಲಿ ಜಮೆಯ ಬದಿಯನ್ನಷ್ಟೇ ತೋರಿಸುವುದು ಅಪ್ರಾಮಾಣಿಕತೆ. ಗಣಿತದ ಪದವಿಯ ಖರ್ಚಿನ ಬದಿಯೂ ದೊಡ್ಡದೇ ಇದೆ.

ಬಿ.ಎಸ್ಸಿ. ಗಣಿತವೆಂದರೆ ಮೇಷ್ಟರ ಕೆಲಸ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಆ ಕೆಲಸವೂ ಮೂರು ವರ್ಷದ ಪದವಿಗೆ ಸಿಕ್ಕುವುದಿಲ್ಲ. ಶಾಲೆಗೆ ಬಿ.ಇಡಿ. ಮತ್ತು ಅರ್ಹತಾ ಪರೀಕ್ಷೆ ಬೇಕು, ಕಾಲೇಜಿಗೆ ಎಂ.ಎಸ್ಸಿ. ಮತ್ತು ಎನ್.ಇ.ಟಿ. ಅಥವಾ ಕೆ-ಸೆಟ್ ಬೇಕು. ಅವೆಲ್ಲ ಮುಗಿದ ಮೇಲೂ ನೇಮಕಾತಿ ಸರ್ಕಾರದ ಗತಿಯಲ್ಲೇ ಸಾಗುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟರೂ ಪ್ರಕ್ರಿಯೆ ಮುಗಿಯಲು ವರ್ಷಗಳೇ ಹಿಡಿದವು. ಈ ನಡುವಿನ ಅವಧಿಯಲ್ಲಿ ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಅವರು ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ತರಗತಿ ಬಿಟ್ಟು ಮುಷ್ಕರ ಹೂಡಿದ್ದನ್ನು ನಾಡು ನೋಡಿದೆ. ‘ಲೆಕ್ಚರರ್ ಆಗುತ್ತಾನೆ’ ಎಂದು ಲೆಕ್ಕ ಹಾಕುವ ತಂದೆ ಈ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಚಿತ್ರದ ಇನ್ನೊಂದು ಮುಖವೂ ಇದೆ. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಸಿದಾಗ ಅರ್ಹರ ಕೊರತೆಯಿಂದ ಎಲ್ಲ ಹುದ್ದೆಗಳೂ ತುಂಬಲಿಲ್ಲ. ಆರಿಂದ ಎಂಟನೆಯ ತರಗತಿಯ ಗಣಿತವನ್ನು ಸರಿಯಾಗಿ ಹೇಳಿಕೊಡಬಲ್ಲವರಿಗೆ ಬೇಡಿಕೆ ಇಲ್ಲವೆನ್ನಲಾಗದು.

ಪದವಿಯ ನಿಯಮಗಳೂ ಇತ್ತೀಚೆಗೆ ಎರಡು ಬಾರಿ ಬದಲಾದವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ, ಮೂರು ಐಚ್ಛಿಕ ವಿಷಯಗಳ ಪದವಿಗೆ ಮರಳಿತು. ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಾಗಲಿ, ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಇತರ ಕಾಲೇಜುಗಳಲ್ಲಾಗಲಿ ಸೇರುವಾಗ ಗಣಿತದೊಡನೆ ಜೊತೆಯ ಎರಡು ವಿಷಯಗಳು ಯಾವುವೆಂದು ವಿಚಾರಿಸುವುದು ಮುಖ್ಯ. ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನವೋ ಸಂಖ್ಯಾಶಾಸ್ತ್ರವೋ ಸಿಗುವ ಕಡೆ ಸೇರಿದವನಿಗೂ, ಸಿಗದ ಕಡೆ ಸೇರಿದವನಿಗೂ ಮೂರು ವರ್ಷದ ನಂತರ ತೆರೆಯುವ ಬಾಗಿಲುಗಳ ಸಂಖ್ಯೆ ಒಂದೇ ಇರುವುದಿಲ್ಲ.

ಅಂಗಡಿಗೇ ಬರುವ ಗಣಿತ

ವರ್ತಕರು ಬಹುಶಃ ಕೇಳಿರದ, ಆದರೆ ತಮ್ಮ ಹಣದಿಂದಲೇ ಪೋಷಿಸುತ್ತಿರುವ ಒಂದು ವೃತ್ತಿಯಿದೆ. ಅದು ಆಕ್ಚುಯರಿಯ ವೃತ್ತಿ, ಅಂದರೆ ವಿಮೆ ಮತ್ತು ಪಿಂಚಣಿಗಳ ಭವಿಷ್ಯದ ಹೊಣೆಯನ್ನು ಇಂದಿನ ರೂಪಾಯಿಗಳಲ್ಲಿ ಅಳೆದು ಹೇಳುವವರ ವೃತ್ತಿ.

ಗ್ರಾಚ್ಯುಯಿಟಿಯನ್ನೇ ತೆಗೆದುಕೊಳ್ಳೋಣ. 1972ರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದರೂ ಮೂಲ ಲೆಕ್ಕ ಹಳೆಯದೇ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸುವುದು. ಕೊನೆಯ ವೇತನ 15,000 ರೂಪಾಯಿ ಇದ್ದು 20 ವರ್ಷ ದುಡಿದ ನೌಕರನಿಗೆ ಸುಮಾರು 1,73,077 ರೂಪಾಯಿ ಸಲ್ಲಬೇಕು. ಇಷ್ಟನ್ನು ಯಾವ ಗುಮಾಸ್ತನೂ ಲೆಕ್ಕ ಹಾಕಬಲ್ಲ. ಆದರೆ ಐವತ್ತಕ್ಕೂ ಹೆಚ್ಚು ನೌಕರರಿರುವ ಒಂದು ಎಣ್ಣೆ ಗಿರಣಿಯಲ್ಲೋ ಗಾರ್ಮೆಂಟ್ ಘಟಕದಲ್ಲೋ ಯಾರು ಯಾವ ವರ್ಷ ಬಿಟ್ಟು ಹೋಗುತ್ತಾರೆ, ಯಾರು ನಿವೃತ್ತಿಯವರೆಗೆ ಉಳಿಯುತ್ತಾರೆ, ಆಗ ವೇತನ ಎಷ್ಟಿರುತ್ತದೆ, ಆ ಎಲ್ಲ ಹೊಣೆಯ ಇಂದಿನ ಬೆಲೆ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಲೆಕ್ಕಪತ್ರ ಮಾನದಂಡ 15ರ ಪ್ರಕಾರ ಇದಕ್ಕೆ ಆಕ್ಚುಯರಿಯ ಮೌಲ್ಯಮಾಪನ ಬೇಕಾಗುತ್ತದೆ. ಸಂಭವನೀಯತೆ ಮತ್ತು ಚಕ್ರಬಡ್ಡಿ ಎರಡನ್ನೂ ಬಲ್ಲವರಷ್ಟೇ ಇದನ್ನು ಮಾಡಬಲ್ಲರು.

ಬೆಳೆ ವಿಮೆಯಲ್ಲೂ ಇದೇ ಮಾತು. ಅಡಿಕೆ, ದಾಳಿಂಬೆಯಂತಹ ತೋಟದ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯಲ್ಲಿ ರೈತರು ಕಟ್ಟುವುದು ವಿಮಾ ಮೊತ್ತದ ಶೇ. 5ರಷ್ಟು. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಆದರೆ ಒಟ್ಟು ಕಂತು ಎಷ್ಟಿರಬೇಕೆಂದು ನಿಶ್ಚಯಿಸುವುದು ಹಿಂದಿನ ವರ್ಷಗಳ ಮಳೆ, ತಾಪಮಾನಗಳ ಅಂಕಿಗಳನ್ನು ಗಣಿತದ ಮಾದರಿಯಲ್ಲಿ ಕೂರಿಸುವವರು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮೂರನೆಯ ಬಾರಿಗೆ ಹೆಚ್ಚು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಅದು ಸಂಭವಿಸಿತು. ಇಂತಹ ನಾಡಿನಲ್ಲಿ ‘ಸರಾಸರಿ ಮಳೆ’ ಎಂಬ ಮಾತನ್ನು ನಂಬಿ ಕಂತು ನಿಗದಿ ಮಾಡಿದ ಕಂಪನಿ ಉಳಿಯದು. ಹಿರಿಯೂರಿನ ಹುಡುಗನಿಗೆ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಕ್ಚುಯರಿ ಪರೀಕ್ಷೆಗಳು ಕಠಿಣ, ದೀರ್ಘ. ಪ್ರವೇಶ ಪರೀಕ್ಷೆ ಮುಗಿಸಿದವರಲ್ಲಿ ಹಲವರು ಮಧ್ಯದಲ್ಲೇ ನಿಲ್ಲುತ್ತಾರೆ. ಆದರೆ ಕೆಲವು ಪತ್ರಿಕೆಗಳನ್ನು ಮುಗಿಸಿದವರಿಗೇ ವಿಮಾ ಕಂಪನಿಗಳು ಕೆಲಸ ಕೊಡುವುದರಿಂದ ದುಡಿಯುತ್ತಲೇ ಓದಲು ಸಾಧ್ಯ.

ಲೆಕ್ಕ ಪರಿಶೋಧಕರ ವೃತ್ತಿ ವಾಣಿಜ್ಯ ಪದವೀಧರರಿಗೇ ಮೀಸಲೆಂಬುದು ಈ ಭಾಗದ ಇನ್ನೊಂದು ತಪ್ಪು ತಿಳುವಳಿಕೆ. ಶೇ. 60 ಅಂಕ ಪಡೆದ ಗಣಿತ ಪದವೀಧರರು ಸಿ.ಎ. ಇಂಟರ್‌ಮೀಡಿಯೆಟ್ ಹಂತಕ್ಕೆ ನೇರವಾಗಿ ನೋಂದಾಯಿಸಿಕೊಳ್ಳಬಹುದು. ವಾಣಿಜ್ಯ ಪದವೀಧರರಿಗೆ ಈ ಮಿತಿ ಶೇ. 55. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಅವಧಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಗಣಿತದವರಿಗೆ ಜರ್ನಲ್ ಎಂಟ್ರಿ ಕಲಿಯಲು ಆರು ತಿಂಗಳು ಸಾಕು. ವಾಣಿಜ್ಯದವರಿಗೆ ಗಣಿತದ ಭಯ ಬಿಡಿಸಲು ಎಷ್ಟು ಕಾಲ ಬೇಕೆಂಬುದನ್ನು ವೃತ್ತಿಯಲ್ಲಿರುವವರು ಬಲ್ಲರು.

ಇನ್ನು ಕಂಪ್ಯೂಟರ್ ಕ್ಷೇತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಂ.ಸಿ.ಎ. ಪ್ರವೇಶಕ್ಕೆ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕೆಂಬ ನಿಯಮವನ್ನು ಅನೇಕ ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡಿವೆ. ಸಾಧಾರಣ ಪ್ರೋಗ್ರಾಂಗಳನ್ನು ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಿ ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ನೋಡಬಲ್ಲವರ ಬೆಲೆ ಕುಗ್ಗುವ ಸೂಚನೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಬಿ.ಟೆಕ್. ಪದವಿಯನ್ನು ಮೊದಲ ಬಾರಿಗೆ ಆರಂಭಿಸಿದಾಗ ಆರಿಸಿಕೊಂಡ ವಿಷಯ ‘ಗಣಿತ ಮತ್ತು ಕಂಪ್ಯೂಟಿಂಗ್’ ಎಂಬುದನ್ನು ಎಂಜಿನಿಯರಿಂಗ್‌ನ ಅಭಿಮಾನಿಗಳು ಗಮನಿಸಬೇಕು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯು ಬಿ.ಮ್ಯಾಥ್. ಪದವಿಗೆ ಪ್ರವೇಶ ಪರೀಕ್ಷೆ ನಡೆಸಿ, ಆಯ್ಕೆಯಾದವರಿಗೆ ಶಿಷ್ಯವೇತನ ನೀಡುತ್ತ ಬಂದಿದೆ. ಅಲ್ಲಿ ಸೀಟು ಸಿಗುವುದು ಕಷ್ಟ. ಆದರೆ ಪರೀಕ್ಷೆ ಬರೆಯುವುದಕ್ಕೆ ಅರ್ಜಿ ಶುಲ್ಕ ಮತ್ತು ಒಂದು ದಿನವಷ್ಟೇ ಖರ್ಚು.

ಸಾಲ ಮತ್ತು ಓದು

ಎರಡು ದಾರಿಗಳ ತುಲನೆಯಲ್ಲಿ ಸಾಲದ ಲೆಕ್ಕ ಬಿಟ್ಟುಹೋಗುವುದೇ ಹೆಚ್ಚು. ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಕೋಟಾದ ಎಂಜಿನಿಯರಿಂಗ್ ಸೀಟಿಗೆಂದು 8 ಲಕ್ಷ ರೂಪಾಯಿ ಶಿಕ್ಷಣ ಸಾಲ ಪಡೆದರೆಂದು ಇಟ್ಟುಕೊಳ್ಳೋಣ. ಬಡ್ಡಿ ಶೇ. 10, ಅವಧಿ ಹತ್ತು ವರ್ಷವಾದರೆ ತಿಂಗಳ ಕಂತು ಸುಮಾರು 10,570 ರೂಪಾಯಿ. ತೀರುವ ಹೊತ್ತಿಗೆ ಕಟ್ಟಿದ್ದು 12 ಲಕ್ಷ 68 ಸಾವಿರಕ್ಕೂ ಮೇಲೆ. ಓದಿನ ಅವಧಿಯಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಬಡ್ಡಿಯ ಮೇಲೆ ಕಡಿತ ಸಿಕ್ಕೀತು, ಹೊಸ ಪದ್ಧತಿಯವರಿಗೆ ಅದೂ ಇಲ್ಲ. ಸರ್ಕಾರಿ ಕಾಲೇಜಿನ ಬಿ.ಎಸ್ಸಿ.ಗೆ ಇಂತಹ ಸಾಲದ ಅಗತ್ಯವೇ ಬೀಳುವುದಿಲ್ಲ. ಉಳಿದ ಹಣ ಎಂ.ಎಸ್ಸಿ.ಗೋ ಸಿ.ಎ.ಗೋ ಆಕ್ಚುಯರಿ ಪರೀಕ್ಷೆಗೋ ಮೀಸಲಾಗಿ ಉಳಿಯುತ್ತದೆ. ಆಸಕ್ತಿಯಿದ್ದು ಎಂಜಿನಿಯರಿಂಗ್ ಓದುವವರಿಗೆ ಈ ಮಾತು ಅನ್ವಯಿಸದು. ಗಣಿತದಲ್ಲಿ ಮನಸ್ಸಿಟ್ಟುಕೊಂಡು ಸಾಲದ ಎಂಜಿನಿಯರಿಂಗ್ ಸೇರಿ ಎರಡನೆಯ ವರ್ಷ ಬಾಕಿ ವಿಷಯಗಳನ್ನು ಪೇರಿಸಿಕೊಂಡವರ ಮನೆಗಳಿಗೆ ಮಾತ್ರ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮರಳಿ ಅಂಗಡಿಗೆ ಬಂದರೆ

ಗಣಿತ ಓದಿದ ಮಗ ಕೆಲಸ ಸಿಗದೆ ಅಥವಾ ಬೇಡವೆಂದು ಅಂಗಡಿಗೇ ಬಂದನೆನ್ನೋಣ. ಆಗ ಓದು ವ್ಯರ್ಥವಾಯಿತೇ? ‘ಒಂದು ರೂಪಾಯಿ ಬಡ್ಡಿ’ಗೆ ಒಂದು ಲಕ್ಷ ಸಾಲ ಪಡೆದು, ಬಡ್ಡಿ 12,000 ಸೇರಿಸಿ, ಹನ್ನೆರಡು ಸಮ ಕಂತುಗಳಲ್ಲಿ ತಿಂಗಳಿಗೆ 9,333 ರೂಪಾಯಿಯಂತೆ ತೀರಿಸುವ ವರ್ತಕ ತಾನು ಶೇ. 12 ಬಡ್ಡಿ ಕಟ್ಟುತ್ತಿರುವೆನೆಂದೇ ನಂಬಿರುತ್ತಾನೆ. ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಬಡ್ಡಿ ಪೂರ್ಣ ಲಕ್ಷದ ಮೇಲೆಯೇ ಬಿದ್ದಿರುವುದರಿಂದ ನಿಜವಾದ ದರ ವರ್ಷಕ್ಕೆ ಸುಮಾರು ಶೇ. 21.5. ಈ ದರವನ್ನು ಸರಳ ಸೂತ್ರದಿಂದ ಕಂಡುಹಿಡಿಯಲಾಗದು. ಒಂದು ದರ ಊಹಿಸಿ, ತಾಳೆ ನೋಡಿ, ತಿದ್ದುತ್ತ ಹೋಗಬೇಕು. ಬಿ.ಎಸ್ಸಿ. ಗಣಿತದ ಸಂಖ್ಯಾತ್ಮಕ ವಿಶ್ಲೇಷಣೆಯ ಪಾಠ ಇದೇ. ಚೀಟಿಯನ್ನು ಎಷ್ಟಕ್ಕೆ ಕೂಗಿ ಎತ್ತಿದರೆ ಗಿಟ್ಟುತ್ತದೆಂಬ ಲೆಕ್ಕವೂ ಇದೇ ಬಗೆಯದು.

ಹೊಳಲ್ಕೆರೆಯ ಸುತ್ತ ಅಡಿಕೆ ತೋಟವನ್ನು ಖೇಣಿ ಹಿಡಿಯುವವರು ಮರದ ಮೇಲಿನ ಗೊನೆಗಳನ್ನು ನೋಡಿಯೇ ಒಣ ಅಡಿಕೆ ಎಷ್ಟು ಕ್ವಿಂಟಾಲ್ ಆದೀತೆಂದು ಅಂದಾಜಿಸಿ ಹಣ ಕೊಡುತ್ತಾರೆ. ಅನುಭವಿಗಳ ಅಂದಾಜು ಬೆರಗುಗೊಳಿಸುವಷ್ಟು ನಿಖರ. ಆದರೆ ಎಷ್ಟು ಸಾಲುಗಳ ಎಷ್ಟು ಮರ ನೋಡಿದರೆ ಸಾಕು, ತಪ್ಪಿದರೆ ಎಷ್ಟರಮಟ್ಟಿಗೆ ತಪ್ಪೀತು, ಆ ತಪ್ಪಿಗೆ ಮುಂಗಡದಲ್ಲಿ ಎಷ್ಟು ಹಿಡಿದಿಟ್ಟುಕೊಳ್ಳಬೇಕೆಂಬುದನ್ನು ಅನುಭವ ಬಾಯಿಬಿಟ್ಟು ಹೇಳುವುದಿಲ್ಲ. ಮಾದರಿ ಸಮೀಕ್ಷೆಯ ಗಣಿತ ಹೇಳುತ್ತದೆ. ತಂದೆಯ ಕಣ್ಣಂದಾಜು ಮತ್ತು ಮಗಳ ಸಂಖ್ಯಾಶಾಸ್ತ್ರ ಒಂದೇ ತೋಟದಲ್ಲಿ ನಿಂತು ನೋಡಿದರೆ ಖೇಣಿಯ ನಷ್ಟ ಕಡಿಮೆಯಾಗದೆ ಇರದು.

ಮಗಳ ಪ್ರಸ್ತಾಪ ಬಂದುದರಿಂದ ಒಂದು ಮಾತು. ಹುಡುಗಿಯರು ಬಿ.ಎಸ್ಸಿ. ಗಣಿತ ಓದುವುದಕ್ಕೆ ಹೆಚ್ಚು ವಿರೋಧವಿಲ್ಲ, ಏಕೆಂದರೆ ‘ಮದುವೆಯವರೆಗೆ ಒಂದು ಓದು’ ಎಂಬ ಲೆಕ್ಕವಿರುತ್ತದೆ. ಎಂ.ಎಸ್ಸಿ.ಗೆ ಹೊರಊರಿಗೆ ಹೋಗುವೆನೆಂದಾಗ ಲೆಕ್ಕ ಬದಲಾಗುತ್ತದೆ. ಗಣಿತದಲ್ಲಿ ಮೂರು ವರ್ಷ ಅಡಿಪಾಯವಷ್ಟೇ. ಅಡಿಪಾಯ ಹಾಕಿ ಗೋಡೆ ಎಬ್ಬಿಸದ ನಿವೇಶನಕ್ಕೆ ಬಾಡಿಗೆ ಬರುವುದಿಲ್ಲವೆಂಬುದು ವರ್ತಕರಿಗೆ ತಿಳಿಯದ ಸಂಗತಿಯೇನಲ್ಲ.

ಆದ್ದರಿಂದ ಮನೆಯಲ್ಲಿ ಚರ್ಚೆಯಾಗಬೇಕಾದುದು ‘ಗಣಿತವೋ ಬೇಡವೋ’ ಎಂಬುದಕ್ಕಿಂತ ‘ಗಣಿತದ ನಂತರದ ಎರಡನೆಯ ಹೆಜ್ಜೆ ಯಾವುದು’ ಎಂಬುದು. ಆ ಹೆಜ್ಜೆಗೆ ಕಾಲ ಗೊತ್ತಾಗಿದೆ. ಐ.ಐ.ಟಿ.ಗಳ ಎಂ.ಎಸ್ಸಿ. ಪ್ರವೇಶಕ್ಕಿರುವ ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿ ಸಲ್ಲಿಕೆ ಅದಕ್ಕೂ ಮೊದಲು, ಸೆಪ್ಟೆಂಬರಿನ ಹೊತ್ತಿಗೇ ಶುರುವಾಗುತ್ತದೆ. ಅದೇ ಹೊತ್ತಿಗೆ ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅಡಿಕೆ ಕೊಯ್ಲಿನ ಹಂಗಾಮು ಕಾಲಿಡುತ್ತದೆ. ಅಂತಿಮ ಪದವಿಯಲ್ಲಿರುವ ಮಗನನ್ನು ತೂಕದ ತಕ್ಕಡಿಯ ಬಳಿ ನಿಲ್ಲಿಸುವ ಮುನ್ನ ಅವನ ಅರ್ಜಿ ಹೋಗಿದೆಯೇ ಎಂದು ಕೇಳಬೇಕು.